ಸಂಬಳವಿಲ್ಲದ ಅದೇ ಕೆಲಸ

ಮದುವೆ ಮನೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಒಮ್ಮೆ ಹಲ್ಲಿನ ವೈದ್ಯರ ಎದುರು ಬಾಯಿ ತೆರೆದು ಕುಳಿತಿದ್ದಾಗಲೂ ಕೇಳಿಸಿಕೊಂಡ ಪ್ರಶ್ನೆ ಇದು: "ಮೂವತ್ತು ವರ್ಷ ಔಷಧ ಕಾರ್ಖಾನೆಯಲ್ಲಿ ದುಡಿದಿದ್ದೀರಿ. ಈಗ ಆರಾಮವಾಗಿ ಇರುವುದು ಬಿಟ್ಟು ಪಾವಗಡದ ಕಡೆ ಊರೂರು ಅಲೆದು ನೀರು ಪರೀಕ್ಷೆ ಮಾಡುತ್ತೀರಲ್ಲ, ಸಮಾಜಸೇವೆಯೇ?"

ಸೇವೆ ಎಂದರೆ ನನಗೆ ಮುಜುಗರ. ನಾನು ಮಾಡುತ್ತಿರುವುದು ಅದೇ ಹಳೆಯ ಕೆಲಸ, ಸಂಬಳವೊಂದಿಲ್ಲ.

ಗುಣಮಟ್ಟ ಪರೀಕ್ಷೆಯೆಂದರೆ ಮುಖ್ಯವಾಗಿ 'ಆಗದು' ಎನ್ನುವ ಉದ್ಯೋಗ. ಮಾತ್ರೆ ಕರಗಬೇಕಾದ ಹೊತ್ತಿನಲ್ಲಿ ಕರಗದಿದ್ದರೆ ಆ ಬ್ಯಾಚ್‌ಗೆ ಕೆಂಪು ಲೇಬಲ್. ತಿಂಗಳ ಕೊನೆಯಲ್ಲಿ ಉತ್ಪಾದನಾ ವಿಭಾಗದವರು ಬಂದು, "ಇನ್ನೊಂದು ಸಲ ನೋಡಿ ಮೇಡಂ" ಎನ್ನುತ್ತಿದ್ದರು. ಗಂಡಸರಿಗೆ ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ನೋಡುತ್ತಿದ್ದೆ, ಅಂಕಿ ಬದಲಾಗುತ್ತಿರಲಿಲ್ಲ, ಲೇಬಲ್ ಅಂಟಿಸುತ್ತಿದ್ದೆ.

ಈ ಹಾದಿ ನಾನು ಹುಡುಕಿದ್ದೂ ಅಲ್ಲ. 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿಯವರಿಗೆ ಹೆಣ್ಣೆಂಬ ಕಾರಣಕ್ಕೆ ಸಿ.ವಿ. ರಾಮನ್ ಮೊದಲು ಪ್ರವೇಶವನ್ನೇ ಕೊಡಲಿಲ್ಲ. ಹಟ ಹಿಡಿದು ಸೇರಿದರು, 1939ರಲ್ಲಿ ಕೇಂಬ್ರಿಜ್‌ನ ಪಿಎಚ್.ಡಿ. ಪಡೆದರು. ಮುಂದೆ ಮುಂಬೈಯಲ್ಲಿ ಗ್ರಾಹಕರ ಸಂಘದೊಡನೆ ನಿಂತು ಆಹಾರದ ಕಲಬೆರಕೆಯ ಬಗ್ಗೆ ಜನರಿಗೆ ತಿಳಿಹೇಳಿದರು. ತಾಳೆಜಾತಿಯ ಮರಗಳ ಸಿಹಿರಸವಾದ ನೀರಾ ಕುರಿತ ಅವರ ಸಂಶೋಧನೆಯನ್ನು ಹೊಗಳುವವರು ಈ ಕೆಲಸವನ್ನು ಕೊನೆಯ ಸಾಲಿಗೆ ತಳ್ಳುವುದು ನನಗೆ ಸರಿಕಾಣದು.

ನಾನು ನೀರು ಪರೀಕ್ಷಿಸಿದ ಪಾವಗಡದ ಕಡೆಯ ಒಂದು ಶಾಲೆಯ ಮಾತಿಗೆ ಬರುತ್ತೇನೆ. ಜಗಲಿಯಲ್ಲಿ ಕೂತ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆಗಳು. "ಉಜ್ಜುವುದೇ ಇಲ್ಲ ಇವರು" ಎಂದು ಒಬ್ಬ ಶಿಕ್ಷಕಿ ಬೈದರು. ಎಷ್ಟು ಉಜ್ಜಿದರೂ ಅದು ಹೋಗದು. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲೇ, ಕುಡಿಯುವ ನೀರಿನಲ್ಲಿ ಕರಗಿದ ಫ್ಲೋರೈಡ್ ಎಂಬ ಲವಣ ಒಳಸೇರಿ ಆದ ಕಲೆ. ಪರೀಕ್ಷಾ ನಳಿಕೆಗೆ ಕೊಳವೆಬಾವಿಯ ನೀರು ಹಾಕಿ, ಕೆಂಪು ದ್ರಾವಣದ ಹನಿಗಳನ್ನು ಬಿಟ್ಟೆ. ಫ್ಲೋರೈಡ್ ಕಡಿಮೆಯಿದ್ದರೆ ಬಣ್ಣ ಗುಲಾಬಿಯಾಗಿಯೇ ನಿಲ್ಲುತ್ತದೆ. ಮಕ್ಕಳ ಕಣ್ಣೆದುರೇ ಅದು ಹಳದಿಗೆ ತಿರುಗಿತು. ಒಬ್ಬ ಹುಡುಗಿ ಚಪ್ಪಾಳೆ ತಟ್ಟಿದಳು, ಪಾಪ. ಬಣ್ಣದ ಪಟ್ಟಿಯೊಡನೆ ಹೋಲಿಸಿದರೆ ಲೀಟರಿಗೆ 2.5 ಮಿಲಿಗ್ರಾಂ ಆಸುಪಾಸು. ಭಾರತೀಯ ಮಾನಕದ ಪ್ರಕಾರ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5.

"ನಾವು ಕಾಯಿಸಿ ಆರಿಸಿಯೇ ಕುಡಿಯುವುದು" ಎಂದರು ಅಡುಗೆಯ ಅಮ್ಮ. ಕಾಯಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿದು, ಮಿಕ್ಕ ನೀರಿನಲ್ಲಿ ಅದರ ಅಂಶ ಇನ್ನಷ್ಟು ಹೆಚ್ಚುತ್ತದೆ. ಅದನ್ನು ಅವರಿಗೆ ಹೇಳುವುದು ಪರೀಕ್ಷೆಗಿಂತ ಕಷ್ಟವಾಯಿತು.

ಕಾರ್ಖಾನೆಯಲ್ಲಾದರೆ ಕೆಂಪು ಲೇಬಲ್ ಅಂಟಿಸಿ ಮನೆಗೆ ಹೋಗುತ್ತಿದ್ದೆ. ಇಲ್ಲಿ ಮುಖ್ಯಶಿಕ್ಷಕರು ಕೇಳಿದ್ದು ಒಂದೇ ಮಾತು: "ಬೇರೆ ನೀರು ಎಲ್ಲಿದೆ ಮೇಡಂ?"

ಚಾವಣಿ ತೋರಿಸಿದೆ. 100 ಚದರ ಮೀಟರ್ ಚಾವಣಿ, ವರ್ಷಕ್ಕೆ 500 ಮಿಲಿಮೀಟರ್ ಮಳೆ: ಲೆಕ್ಕಕ್ಕೆ 50,000 ಲೀಟರ್. ಸೋರಿದ್ದು, ಚೆಲ್ಲಿದ್ದು ಕಳೆದು 35,000 ಎನ್ನಿ. ಅರವತ್ತು ಮಕ್ಕಳಿಗೆ ದಿನಕ್ಕೆ ಎರಡು ಲೀಟರಿನಂತೆ 200 ದಿನಕ್ಕೆ ಬೇಕಾದದ್ದು 24,000. ಪಾತ್ರೆ, ಕೈಕಾಲು ತೊಳೆಯಲು ಕೊಳವೆಬಾವಿಯೇ ಸಾಕು. ಈ ಲೆಕ್ಕವನ್ನು ಏಳನೆಯ ತರಗತಿಯವರಿಂದಲೇ ಕಪ್ಪುಹಲಗೆಯ ಮೇಲೆ ಮಾಡಿಸಿದೆ.

ಹೋದ ವರ್ಷ ಹಸ್ತ ಮಳೆಗೆ ಚಾವಣಿಯ ನೀರಿನ ತೊಟ್ಟಿ ತುಂಬಿತು. ಮಕ್ಕಳು ಕುಡಿದು "ಸಪ್ಪೆ" ಎಂದು ಮುಖ ಕಿವುಚಿದರು. ಇಬ್ಬರು ಹುಡುಗರು ಈಗಲೂ ಕದ್ದು ಕೊಳವೆಬಾವಿಗೇ ಹೋಗುತ್ತಾರೆಂದು ಮುಖ್ಯಶಿಕ್ಷಕರು ನಿನ್ನೆ ಫೋನ್ ಮಾಡಿದ್ದರು. ಬುಧವಾರ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ.