ಎರಡು ವರ್ಷ ಯಾಕೆ ಬೇಕು?

"ಪ್ರಶ್ನೆ ಕೇಳಿ, ಉತ್ತರ ಬರೆದುಕೊಂಡು, ಲೆಕ್ಕ ಹಾಕೋಕೆ ಎರಡು ವರ್ಷ ಯಾಕಮ್ಮ ಬೇಕು?" ಮೂಲನಿವಾಸಿಗಳ ಊರುಗಳಲ್ಲಿ ನಾವು ಮಾಡುವ ಆರೋಗ್ಯ ಸಂಶೋಧನೆಯ ಬಗ್ಗೆ ಚಿಕ್ಕಪ್ಪ ಫೋನಿನಲ್ಲಿ ಕೇಳಿದರು. ಅವರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವರು. ಸುಮ್ನೆ ಕೇಳುವವರಲ್ಲ. ನನಗೆ ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಉತ್ತರ ಭಾಗದಲ್ಲಿ, ಸುಪೀರಿಯರ್ ಸರೋವರದ ದಂಡೆಯ ಥಂಡರ್ ಬೇ ಊರಿನಲ್ಲಿ. ಆರೋಗ್ಯ ಸಂಶೋಧನೆ ಮಾಡುವ ತಂಡಗಳ ಜೊತೆ ಡೇಟಾ ಕೆಲಸ ಮಾಡುತ್ತೇನೆ. ಇಲ್ಲಿ ಒಂದು ಮೆಡಿಕಲ್ ಕಾಲೇಜಿದೆ, ನಾರ್ದರ್ನ್ ಒಂಟಾರಿಯೊ ಸ್ಕೂಲ್ ಆಫ್ ಮೆಡಿಸಿನ್. 2005ರಲ್ಲಿ 56 ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. ಒಂದು ಕ್ಯಾಂಪಸ್ ಥಂಡರ್ ಬೇಯಲ್ಲಿ, ಇನ್ನೊಂದು ಸಡ್‌ಬರಿಯಲ್ಲಿ. ನಡುವಿನ ರಸ್ತೆ ಸುಮಾರು 1000 ಕಿಲೋಮೀಟರ್. 2022ರ ಏಪ್ರಿಲ್‌ನಲ್ಲಿ ಅದೇ ಸ್ವತಂತ್ರ ವಿಶ್ವವಿದ್ಯಾಲಯವೂ ಆಯಿತು.

ಅದು ಹುಟ್ಟಿದ ಕಾರಣ ಸರಳ. ದಕ್ಷಿಣದ ದೊಡ್ಡ ನಗರಗಳಲ್ಲಿ ಓದಿದ ಡಾಕ್ಟರುಗಳು ಉತ್ತರಕ್ಕೆ ಬರುತ್ತಿರಲಿಲ್ಲ, ಬಂದರೂ ನಿಲ್ಲುತ್ತಿರಲಿಲ್ಲ. ಇಲ್ಲೇ ಬೆಳೆದ ಮಕ್ಕಳಿಗೆ ಇಲ್ಲೇ ಕಲಿಸಿದರೆ ಇಲ್ಲೇ ಉಳಿದಾರು ಅನ್ನುವುದು ಲೆಕ್ಕಾಚಾರ. ಹಾಗಾಗಿ ಮೊದಲ ವರ್ಷದಲ್ಲೇ ವಿದ್ಯಾರ್ಥಿಗಳು ನಾಲ್ಕು ವಾರ ಮೂಲನಿವಾಸಿಗಳ ಊರೊಂದರಲ್ಲಿ ಇದ್ದು ಬರುತ್ತಾರೆ. ಮೂರನೇ ವರ್ಷದಲ್ಲಿ ಎಂಟು ತಿಂಗಳು ಯಾವುದಾದರೂ ಸಣ್ಣ ಊರಿನಲ್ಲಿ ಮನೆ ಮಾಡಿ, ಅಲ್ಲಿನ ಫ್ಯಾಮಿಲಿ ಡಾಕ್ಟರುಗಳ ಜೊತೆ ಕೆಲಸ ಕಲಿಯುತ್ತಾರೆ.

ಇದು ಪಾಠದ ವಿಷಯ ಅಂತ ಅನ್ನಿಸಬಹುದು. ಆದರೆ ಸಂಶೋಧನೆಯ ರೀತಿಯೇ ಇದರಿಂದ ಬದಲಾಗುತ್ತದೆ. ದೊಡ್ಡ ನಗರದ ಪ್ರೊಫೆಸರ್‌ಗೆ ರೋಗಿಯ ಫೈಲು ಕಾಣುತ್ತದೆ. ಸಣ್ಣ ಊರಿನ ಡಾಕ್ಟರ್‌ಗೆ ಆ ರೋಗಿಯ ಅಜ್ಜಿ, ಮನೆ, ಮನೆಯಲ್ಲಿ ಎಷ್ಟು ಜನ ಒತ್ತಿಕೊಂಡು ಮಲಗುತ್ತಾರೆ ಅನ್ನುವುದೂ ಗೊತ್ತಿರುತ್ತದೆ.

ಇಲ್ಲಿಂದ ವಾಯವ್ಯಕ್ಕೆ ಸೂ ಲುಕೌಟ್ ಅಂತ ಒಂದು ಊರಿದೆ. ಅಲ್ಲಿನ ಆಸ್ಪತ್ರೆಗೆ ಉತ್ತರದ ಕಾಡಿನ ಉದ್ದಗಲಕ್ಕೂ ಇರುವ ಫಸ್ಟ್ ನೇಷನ್ಸ್, ಅಂದರೆ ಮೂಲನಿವಾಸಿ ಸಮುದಾಯಗಳ, ಊರುಗಳಿಂದ ರೋಗಿಗಳು ಬರುತ್ತಾರೆ. ಹೆಚ್ಚಿನವಕ್ಕೆ ರಸ್ತೆಯೇ ಇಲ್ಲ, ವಿಮಾನದಲ್ಲೇ ಹೋಗಿಬರಬೇಕು. ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟಿದಾಗ ಕೆಲವು ವಾರ ಹಿಮದ ರಸ್ತೆ ತೆರೆಯುತ್ತದೆ, ಅಷ್ಟೇ. ಆ ಭಾಗದ ಡಾಕ್ಟರುಗಳು 2015ರಲ್ಲಿ ಒಂದು ವರದಿ ಪ್ರಕಟಿಸಿದರು. ಹದಿನೆಂಟು ತಿಂಗಳಲ್ಲಿ ಎಂಟು ಜನರಿಗೆ ರುಮ್ಯಾಟಿಕ್ ಜ್ವರ ಬಂದಿತ್ತು. ಇಬ್ಬರು ಸತ್ತಿದ್ದರು. ಇಬ್ಬರಿಗೂ ವಯಸ್ಸು ನಾಲ್ಕು.

ಇದು ಬರೀ ಗಂಟಲು ನೋವಿನಿಂದ ಶುರುವಾಗುವ ಕಾಯಿಲೆ. ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಗಂಟಲಿಗೆ ತಗುಲುತ್ತದೆ. ಸಮಯಕ್ಕೆ ಪೆನಿಸಿಲಿನ್ ಸಿಗದಿದ್ದರೆ, ಅದರ ವಿರುದ್ಧ ಎದ್ದ ದೇಹದ ರಕ್ಷಣಾ ಶಕ್ತಿ ಹೃದಯದ ಕವಾಟಗಳ ಮೇಲೇ ತಿರುಗಿಬೀಳಬಹುದು. ಶ್ರೀಮಂತ ದೇಶಗಳಲ್ಲಿ ಹೆಚ್ಚುಕಡಿಮೆ ಮುಗಿದುಹೋಯಿತು ಅಂದುಕೊಂಡಿದ್ದ ರೋಗ. ಆ ಊರುಗಳಲ್ಲಿ ಅದರ ಪ್ರಮಾಣ ಕೆನಡಾದ ಅಂದಾಜಿಗಿಂತ 75 ಪಟ್ಟು ಜಾಸ್ತಿ ಇತ್ತು. ಕಾರಣ ಹುಡುಕಿ ಲ್ಯಾಬಿಗೆ ಹೋಗಬೇಕಿಲ್ಲ. ಕಿಕ್ಕಿರಿದ ಮನೆಗಳು, ನೀರಿನ ತೊಂದರೆ, ದೂರದ ಆಸ್ಪತ್ರೆ. ಆ ಪ್ರದೇಶದ ನೆಸ್ಕಂಟಾಗಾ ಊರಿನಲ್ಲಿ ನೀರು ಕುದಿಸಿಯೇ ಕುಡಿಯಿರಿ ಅನ್ನುವ ಸೂಚನೆ ಹಾಕಿದ್ದು 1995ರಲ್ಲಿ. ಅದರ ನಡುವೆಯೇ ಒಂದು ತಲೆಮಾರು ಹುಟ್ಟಿ ದೊಡ್ಡದಾಯಿತು.

ಎಂಟು ರೋಗಿಗಳು ಅಂದರೆ ಚಿಕ್ಕಪ್ಪನ ಪಾಠದ ಪ್ರಕಾರ ತೀರಾ ಸಣ್ಣ ಸಂಖ್ಯೆ. ಇಡೀ ದೇಶದ ಕೋಷ್ಟಕದಲ್ಲಿ ಹಾಕಿದರೆ ಕಣ್ಣಿಗೇ ಬೀಳುವುದಿಲ್ಲ. ಅಲ್ಲೇ ಇರುವ ಡಾಕ್ಟರುಗಳು ಮಾತ್ರ ಇದನ್ನು ಕಾಣಬಲ್ಲವರಾಗಿದ್ದರು. ಹಳ್ಳಿಗಾಡಿನ ಮೆಡಿಕಲ್ ಕಾಲೇಜುಗಳಲ್ಲಿ ಸಂಶೋಧನೆ ಯಾಕೆ, ಡಾಕ್ಟರುಗಳನ್ನು ತಯಾರು ಮಾಡಿದರೆ ಸಾಲದೇ ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಈ ವರದಿ.

ಈಗ ಎರಡು ವರ್ಷದ ಮಾತಿಗೆ ಬರುತ್ತೇನೆ. ಅದಕ್ಕೆ ಮೊದಲು ಒಂದು ಕೆಟ್ಟ ಇತಿಹಾಸ ಹೇಳಲೇಬೇಕು.

ಕೆನಡಾದಲ್ಲಿ ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯಿಂದ ಬಿಡಿಸಿ ವಸತಿ ಶಾಲೆಗಳಿಗೆ ಹಾಕುತ್ತಿದ್ದರು. 1948ರಿಂದ 1952ರವರೆಗೆ ಅಂಥ ಆರು ಶಾಲೆಗಳಲ್ಲಿ ಸರ್ಕಾರದ ತಜ್ಞರು ಪೌಷ್ಟಿಕಾಂಶದ ಪ್ರಯೋಗ ನಡೆಸಿದರು. ಎರಡು ಶಾಲೆಗಳು ನಮ್ಮ ಭಾಗದ ಕೆನೋರಾದಲ್ಲೇ ಇದ್ದವು. ಮಕ್ಕಳು ಅರೆಹೊಟ್ಟೆಯಲ್ಲಿದ್ದಾರೆ ಅನ್ನುವುದು ಮೊದಲೇ ಗೊತ್ತಿತ್ತು. ಪಶ್ಚಿಮ ಕರಾವಳಿಯ ಆಲ್ಬರ್ನಿ ಶಾಲೆಯಲ್ಲಿ ಎರಡು ವರ್ಷ ಹಾಲನ್ನು ಬೇಕೆಂದೇ ಕಡಿಮೆ ಕೊಟ್ಟರು. ಆಮೇಲೆ ಹೆಚ್ಚಿಸಿದಾಗ ವ್ಯತ್ಯಾಸ ಗೊತ್ತಾಗಲಿ ಅಂತ. ಕೆಲವು ಕಡೆ ಹಲ್ಲಿನ ಚಿಕಿತ್ಸೆ ನಿಲ್ಲಿಸಿದರು, ಯಾಕೆಂದರೆ ಹಲ್ಲು ಮತ್ತು ಒಸಡಿನ ಸ್ಥಿತಿ ಅವರ ಅಳತೆಗೋಲಾಗಿತ್ತು. ಮಕ್ಕಳನ್ನು ಕೇಳಲಿಲ್ಲ, ಹೆತ್ತವರನ್ನೂ ಕೇಳಲಿಲ್ಲ. ಇತಿಹಾಸಕಾರ ಇಯಾನ್ ಮೋಸ್ಬಿ 2013ರಲ್ಲಿ ಬರೆದ ಲೇಖನದಿಂದ ಇದೆಲ್ಲ ದೇಶಕ್ಕೆ ಗೊತ್ತಾಯಿತು.

ಇನ್ನೊಂದು, ಇಷ್ಟು ಹಳೆಯದಲ್ಲ. 1980ರ ದಶಕದಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನೂಚಾನುಲ್ತ್ ಮೂಲನಿವಾಸಿ ಜನರಲ್ಲಿ 883 ಮಂದಿ ಸಂಧಿವಾತದ ಅಧ್ಯಯನಕ್ಕೆ ಅಂತ ರಕ್ತ ಕೊಟ್ಟರು. ಆ ರಕ್ತ ಸಂಶೋಧಕನ ಜೊತೆ ಅಮೆರಿಕಕ್ಕೆ ಹೋಯಿತು, ಅಲ್ಲಿಂದ ಇಂಗ್ಲೆಂಡಿಗೆ ಹೋಯಿತು. ಕೊಟ್ಟವರಿಗೆ ತಿಳಿಸದೆ ಅವರ ಪೂರ್ವಜರು ಎಲ್ಲಿಂದ ವಲಸೆ ಬಂದರು ಅನ್ನುವ ಅಧ್ಯಯನಕ್ಕೆ ಬಳಕೆಯಾಯಿತು. 2004ರಲ್ಲಿ ವಾಪಸ್ ಬಂತು.

ಇದನ್ನೆಲ್ಲ ಕಂಡ ಜನರ ಊರಿಗೆ ನಾವು ಕ್ಲಿಪ್‌ಬೋರ್ಡ್ ಹಿಡಿದು ಹೋಗುತ್ತೇವೆ. ಅವರು ಬಾಗಿಲು ತೆಗೆಯುವುದೇ ದೊಡ್ಡತನ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

1998ರಲ್ಲಿ ಫಸ್ಟ್ ನೇಷನ್ಸ್ ಜನರೇ ಒಂದು ನಿಯಮ ರೂಪಿಸಿದರು. ನಮ್ಮ ಬಗ್ಗೆ ಸೇರಿಸಿದ ಮಾಹಿತಿಯ ಒಡೆತನ ನಮ್ಮದು, ಅದರ ಮೇಲಿನ ಹಿಡಿತ ನಮ್ಮದು, ಬೇಕಾದಾಗ ನೋಡುವ ಹಕ್ಕು ನಮ್ಮದು, ಇಟ್ಟುಕೊಳ್ಳುವುದೂ ನಮ್ಮ ಕೈಯಲ್ಲೇ. 2010ರಿಂದ ಕೆನಡಾದ ಸಂಶೋಧನಾ ನೀತಿಸಂಹಿತೆಯಲ್ಲೇ ಮೂಲನಿವಾಸಿಗಳ ಜೊತೆಗಿನ ಸಂಶೋಧನೆಗೆ ಪ್ರತ್ಯೇಕ ಅಧ್ಯಾಯವಿದೆ. ಸಮುದಾಯವನ್ನು ಸೇರಿಸಿಕೊಳ್ಳದೆ ಮುಂದೆ ಹೋಗಬಾರದು ಅನ್ನುವುದು ಅದರ ಸಾರ.

ಕಾಗದದ ಮೇಲೆ ಇಷ್ಟೇ. ಕೆಲಸದಲ್ಲಿ ಅದು ಹೇಗಿರುತ್ತದೆ ಅಂದರೆ, ಮೊದಲು ಊರಿನ ಆಡಳಿತ ನಡೆಸುವ ಬ್ಯಾಂಡ್ ಆಫೀಸಿಗೆ ಫೋನು. ಊರಿನ ಮುಖ್ಯಸ್ಥರು ಮತ್ತು ಆಡಳಿತ ಮಂಡಳಿ, ಅಂದರೆ ಚೀಫ್ ಮತ್ತು ಕೌನ್ಸಿಲ್, ಸಭೆಯಲ್ಲಿ ನಮ್ಮ ವಿಷಯ ಬರಬೇಕು. ಊರಿನಲ್ಲಿ ಸಾವಾದರೆ ಸಭೆ ಮುಂದಕ್ಕೆ ಹೋಗುತ್ತದೆ, ಹೋಗಲೇಬೇಕು. ಮಂಜು ಕವಿದರೆ ವಿಮಾನವಿಲ್ಲ. ಹಿರಿಯರ ಹತ್ತಿರ ಏನಾದರೂ ಕೇಳುವ ಮುಂಚೆ ಹೊಗೆಸೊಪ್ಪು ಕೊಡಬೇಕು. ಅವರು ಅದನ್ನು ತೆಗೆದುಕೊಂಡರೆ ಕೇಳುವುದಕ್ಕೆ ಒಪ್ಪಿದ್ದಾರೆ ಅಂತ ಅರ್ಥ. ಆಮೇಲೆ ಒಪ್ಪಂದ ಪತ್ರ: ಡೇಟಾ ಎಲ್ಲಿರುತ್ತದೆ, ಯಾರು ತೆರೆಯಬಹುದು, ಪ್ರಕಟಿಸುವ ಮುಂಚೆ ಯಾರು ಓದುತ್ತಾರೆ, ಕೆಲಸ ಮುಗಿದ ಮೇಲೆ ಏನು ಮಾಡುವುದು. ಅದಾದ ಮೇಲೆ ವಿಶ್ವವಿದ್ಯಾಲಯದ ನೈತಿಕ ಸಮಿತಿ. ಒಂದು ವರ್ಷ ಹೀಗೇ ಹೋಗುತ್ತದೆ. ಆದರೆ ಅನುದಾನ ಕೊಡುವವರು ಹೆಚ್ಚಾಗಿ ಒಂದೆರಡು ವರ್ಷಕ್ಕೆ ಹಣ ಕೊಟ್ಟು, ಮೊದಲ ಆರು ತಿಂಗಳಲ್ಲೇ ಪ್ರಗತಿ ವರದಿ ಕೇಳುತ್ತಾರೆ. ಇದು ತಪ್ಪು. ಈ ಮಾತುಕತೆಗೇ ಪ್ರತ್ಯೇಕ ಹಣ ಮತ್ತು ಸಮಯ ಕೊಡಬೇಕು ಅಂತ ಅರ್ಜಿಗಳಲ್ಲಿ ಬರೆಯುತ್ತಲೇ ಇದ್ದೇನೆ, ಬರೆಯುತ್ತಲೇ ಇರುತ್ತೇನೆ.

ಯಾಕೆಂದರೆ ಆ ಮಾತುಕತೆಯಲ್ಲೇ ಪ್ರಶ್ನೆ ಸರಿಯಾಗುತ್ತದೆ. ನಮ್ಮ ತಂಡ ಒಂದು ಊರಿಗೆ ಸಕ್ಕರೆ ಕಾಯಿಲೆಯ ಸಮೀಕ್ಷೆಯ ಯೋಜನೆ ಹಿಡಿದು ಹೋಗಿತ್ತು. ಹಿರಿಯ ಮಹಿಳೆಯೊಬ್ಬರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಸಕ್ಕರೆ ಕಾಯಿಲೆ ಎಷ್ಟು ಜನಕ್ಕಿದೆ ಅಂತ ನಮಗೆ ಗೊತ್ತು. ನರ್ಸಿಂಗ್ ಸ್ಟೇಷನ್ನಿನಲ್ಲಿ ಕೇಳಿದರೂ ಹೇಳುತ್ತಾರೆ. ಡಯಾಲಿಸಿಸ್‌ಗೆ ಅಂತ ಊರು ಬಿಟ್ಟು ಥಂಡರ್ ಬೇಗೆ ಹೋದವರು ಅಲ್ಲಿ ಹೇಗಿದ್ದಾರೆ, ಅದನ್ನು ಕೇಳಿ. ನನ್ನ ತಮ್ಮ ಅಲ್ಲಿದ್ದಾನೆ."

ಕಿಡ್ನಿ ಕೆಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕಾದವರು ವಿಮಾನದಲ್ಲಿ ಬಂದುಹೋಗಿ ಮಾಡಲು ಆಗುವುದಿಲ್ಲ. ಮನೆ, ಮೊಮ್ಮಕ್ಕಳು, ಮೀನು, ಬೇಟೆ, ಮಾತು ಎಲ್ಲವನ್ನೂ ಬಿಟ್ಟು ನಗರದ ಬಾಡಿಗೆ ಕೋಣೆಗೆ ಬರಬೇಕು, ಹೆಚ್ಚಿನವರಿಗೆ ಕೊನೆಯವರೆಗೂ. ನಾವು ಯೋಜನೆ ಬದಲಿಸಿದೆವು. ಅವತ್ತಿನ ನಮ್ಮ ಪ್ರಶ್ನಾವಳಿಯಲ್ಲಿ ಸಕ್ಕರೆಯ ಮಟ್ಟ ಇತ್ತು, ತೂಕ ಇತ್ತು, ನಡಿಗೆ ಇತ್ತು. ಆ ತಮ್ಮ ಇರಲಿಲ್ಲ.

ಇದೇ ರೀತಿ ಕೂತು ಮಾಡಿದ ದೊಡ್ಡ ಕೆಲಸವೊಂದು ಮ್ಯಾನಿಟೂಲಿನ್ ದ್ವೀಪದ್ದು. ಹ್ಯೂರಾನ್ ಸರೋವರದಲ್ಲಿರುವ ಈ ದ್ವೀಪದ ಅನಿಶಿನಾಬೆ ಮೂಲನಿವಾಸಿ ಜನ 2003ರಲ್ಲೇ ತಮ್ಮದೇ ಸಂಶೋಧನಾ ನಿಯಮಾವಳಿ ಮಾಡಿಕೊಂಡಿದ್ದರು. ಅವರ ಜೊತೆ ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಜ್ಯಾಕ್ಲಿನ್ ವರ್ಷಗಟ್ಟಲೆ ಕೆಲಸ ಮಾಡಿದರು. ಆಗ ಅವರು ಇದೇ ಕಾಲೇಜಿನ ಸಡ್‌ಬರಿ ಕ್ಯಾಂಪಸ್ಸಿನಲ್ಲಿದ್ದರು. ವಿಷಯ ಮರೆವಿನ ಕಾಯಿಲೆ, ಡಿಮೆನ್ಶಿಯಾ.

ಆಸ್ಪತ್ರೆಗಳಲ್ಲಿ ಮರೆವು ಅಳೆಯಲು ಬಳಸುವ ಪರೀಕ್ಷೆಯನ್ನು ಯೋಚಿಸಿ ನೋಡಿ. ಇವತ್ತು ಯಾವ ತಾರೀಖು? ನೂರರಿಂದ ಏಳೇಳು ಕಳೆಯುತ್ತಾ ಹೋಗಿ. ಶಾಲೆಗೆ ಹೆಚ್ಚು ಹೋಗದ, ಬದುಕೆಲ್ಲ ಕಾಡು ಮತ್ತು ನೀರಿನ ನಡುವೆ ಕಳೆದ ಎಂಬತ್ತರ ಅಜ್ಜನಿಗೆ ತಾರೀಖು ಯಾಕೆ ಬೇಕು? ಉತ್ತರ ಬರದಿದ್ದರೆ ಅದು ಕಾಯಿಲೆಯೋ, ಪ್ರಶ್ನೆಯ ದೋಷವೋ? ವಸತಿ ಶಾಲೆಯಲ್ಲಿ ಏಟು ತಿಂದು ಬೆಳೆದವರಿಗಂತೂ ಪೆನ್ನು ಹಿಡಿದು ಎದುರು ಕೂತು ತಪ್ಪು ಸರಿ ಹಾಕುವವರನ್ನು ಕಂಡರೇ ನಾಲಿಗೆ ಒಣಗಬಹುದು, ಅಲ್ವಾ?

ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದ ಮೂಲನಿವಾಸಿಗಳಿಗಾಗಿ ಅಲ್ಲಿನವರು ಆಗಲೇ ಒಂದು ಬೇರೆ ಪರೀಕ್ಷೆ ಸಿದ್ಧಪಡಿಸಿದ್ದರು. ಮ್ಯಾನಿಟೂಲಿನ್‌ನ ಹಿರಿಯರು, ಭಾಷೆ ಬಲ್ಲವರು, ನರ್ಸುಗಳು, ಸಂಶೋಧಕರು ಒಟ್ಟಿಗೆ ಕೂತು ಅದರ ಒಂದೊಂದು ಪ್ರಶ್ನೆಯನ್ನೂ ನೋಡಿದರು. ಇದು ನಮ್ಮಲ್ಲಿ ಕೇಳುವಂಥದ್ದೇ? ಹೀಗೆ ಕೇಳಿದರೆ ಅವಮಾನವಾಗುತ್ತದೆಯೇ? ಅನಿಶಿನಾಬೆ ಮಾತಿನಲ್ಲೂ ಇಂಗ್ಲಿಷಿನಲ್ಲೂ ಬಳಸಬಹುದಾದ ಪರೀಕ್ಷೆ ಹೊರಬಂತು. 2020ರಲ್ಲಿ ಅದರ ವಿವರ ಪ್ರಕಟವಾಯಿತು. ಬೇರೆ ಯಾವ ಅವಸರದ ದಾರಿಯಲ್ಲೂ ಇದು ಸಿಗುತ್ತಿರಲಿಲ್ಲ. ಜ್ಯಾಕ್ಲಿನ್ ಈ ನಡುವೆ ಸುಪೀರಿಯರ್‌ನ ಇನ್ನೊಂದು ತುದಿಯ, ಅಮೆರಿಕದ ಡುಲೂತ್‌ಗೆ ಹೋದರು. ಅಲ್ಲಿನ ಮಿನೆಸೋಟಾ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನ ಕ್ಯಾಂಪಸ್ ಕೂಡ ಹಳ್ಳಿಗಳಿಗೆ ಮತ್ತು ಮೂಲನಿವಾಸಿಗಳಿಗೆ ಡಾಕ್ಟರುಗಳನ್ನು ತಯಾರು ಮಾಡಲು 1972ರಿಂದ ಇರುವಂಥದ್ದು.

ಡೇಟಾ ಯಾರ ಬಳಿ ಇರಬೇಕು ಅನ್ನುವುದು ನನ್ನ ದಿನನಿತ್ಯದ ವಿಷಯ, ಅದಕ್ಕೇ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಕೆನೋರಾ ಹತ್ತಿರದ ಗ್ರಾಸಿ ನ್ಯಾರೋಸ್ ಅನ್ನುವ ಮೂಲನಿವಾಸಿಗಳ ಊರಿನ ನದಿಗೆ 1962ರಿಂದ 1970ರವರೆಗೆ ಕಾಗದದ ಕಾರ್ಖಾನೆಯೊಂದು ಸುಮಾರು 9 ಟನ್ ಪಾದರಸ ಬಿಟ್ಟಿತು. ಜನ ಆ ನದಿಯ ಮೀನು ತಿನ್ನುತ್ತಿದ್ದರು. ಸರ್ಕಾರ 1970ರಿಂದ 1997ರವರೆಗೆ ಅವರ ಕೂದಲು, ರಕ್ತದಲ್ಲಿನ ಪಾದರಸ ಅಳೆಯಿತು. ಆ ಅಂಕಿಗಳು ಊರಿನವರ ಕೈಗೆ ಬಂದ ಮೇಲೆ ಅವರು ತಾವು ನಂಬುವ ಸಂಶೋಧಕರ ಜೊತೆ ಕೆಲಸ ಮಾಡಿದರು. ಪಾದರಸ ಹೆಚ್ಚಿದ್ದವರು ಬೇಗ ಸತ್ತಿದ್ದಾರೆ ಅನ್ನುವುದು 2020ರಲ್ಲಿ ಪ್ರಕಟವಾಯಿತು. ಅಳತೆ ನಿಂತು ಇಪ್ಪತ್ತಕ್ಕೂ ಹೆಚ್ಚು ವರ್ಷವಾಗಿತ್ತು. ಅಂಕಿಗಳು ಅಲ್ಲಿಯತನಕ ಇದ್ದವು, ಆ ಪ್ರಶ್ನೆ ಕೇಳಬೇಕಾದವರ ಕೈಯಲ್ಲಿ ಇರಲಿಲ್ಲ.

ಇನ್ನು ಸಣ್ಣ ಊರಿನ ಸಂಖ್ಯೆಗಳು. ಮುನ್ನೂರು ಜನರ ಊರಿನ ಕೋಷ್ಟಕದಲ್ಲಿ "ಐವತ್ತು ದಾಟಿದ, ಡಯಾಲಿಸಿಸ್‌ನಲ್ಲಿರುವ ಗಂಡಸರು: 2" ಅಂತ ಹಾಕಿದರೆ ಆ ಇಬ್ಬರ ಹೆಸರನ್ನೇ ಬರೆದ ಹಾಗೆ. ಅದಕ್ಕೆ ಸಣ್ಣ ಸಂಖ್ಯೆಗಳನ್ನು ಮುಚ್ಚುತ್ತೇವೆ, ವಯಸ್ಸಿನ ಗುಂಪುಗಳನ್ನು ಸೇರಿಸುತ್ತೇವೆ. ಆದರೂ ಊರಿನ ಹೆಸರು ಉಳಿಯುತ್ತದೆ. ಒಂದು ಸಲ ಪತ್ರಿಕೆಯಲ್ಲಿ "ಕಾಯಿಲೆಯ ಊರು" ಅಂತ ಬಂದರೆ ಅಲ್ಲಿನ ಹುಡುಗರು ನಗರದಲ್ಲಿ ಕೆಲಸ ಕೇಳುವಾಗಲೂ ಅದು ಬೆನ್ನು ಬಿಡುವುದಿಲ್ಲ. ಹೆಸರು ಹಾಕಬೇಕೋ ಬೇಡವೋ ಅನ್ನುವುದನ್ನು ಕೌನ್ಸಿಲ್ ಹೇಳಬೇಕು. ಒಂದು ಕೌನ್ಸಿಲ್ ನಮಗೆ ಹೆಸರು ಹಾಕಿ ಅಂದಿತು, ಮನೆ ಕಟ್ಟಲು ಹಣ ಕೇಳುವಾಗ ಆ ಪುಟ ತೋರಿಸಬೇಕಿತ್ತು. ಇನ್ನೊಂದು ಬೇಡ ಅಂದಿತು. ಎರಡೂ ಸರಿ.

ಈಗ ಡಯಾಲಿಸಿಸ್‌ನ ಲೇಖನ ಒಂದು ಸಂಶೋಧನಾ ಪತ್ರಿಕೆಯ ಮುಂದಿದೆ. ಎಲ್ಲ ಡೇಟಾವನ್ನೂ ಸಾರ್ವಜನಿಕ ಸಂಗ್ರಹಕ್ಕೆ ಹಾಕಿ, ಯಾರು ಬೇಕಾದರೂ ಪರೀಕ್ಷಿಸುವಂತಿರಲಿ ಅಂತ ಅವರು ಕೇಳಿದ್ದಾರೆ. ಕೇಳುವುದರ ಹಿಂದಿನ ಉದ್ದೇಶ ಒಳ್ಳೆಯದೇ, ಚಿಕ್ಕಪ್ಪನೂ ಅದನ್ನೇ ಕೇಳುತ್ತಿದ್ದರು. ನಾವು ಕೌನ್ಸಿಲ್ ಜೊತೆ ಕೂತು ಉತ್ತರ ಬರೆದೆವು. ಡೇಟಾ ಊರಿನವರ ಆರೋಗ್ಯ ಸಂಸ್ಥೆಯ ಬಳಿ ಇದೆ. ನೋಡಬೇಕಾದವರು ಯಾವ ಕಾರಣಕ್ಕೆ ಅಂತ ಬರೆದು ಅವರನ್ನು ಕೇಳಬಹುದು. ಲೆಕ್ಕ ಹಾಕಿದ ವಿಧಾನವನ್ನು, ಕೋಡ್ ಸಮೇತ, ಪೂರ್ತಿ ಕೊಡುತ್ತೇವೆ. ಪತ್ರಕ್ಕೆ ಸಂಶೋಧಕರೂ ಚೀಫ್ ಕೂಡ ಸಹಿ ಹಾಕಿದ್ದಾರೆ. ಪತ್ರಿಕೆ ಒಪ್ಪದಿದ್ದರೆ ಬೇರೆ ಪತ್ರಿಕೆಗೆ ಕಳಿಸುತ್ತೇವೆ. ಅದಕ್ಕೂ ಇನ್ನೊಂದಿಷ್ಟು ತಿಂಗಳು ಹಿಡಿಯುತ್ತದೆ, ಚಿಕ್ಕಪ್ಪ.