ಡಿಪಾಸಿಟ್ ನಮ್ಮ ದುಡ್ಡು, ಲೆಕ್ಕ ಒಪ್ಪಿಸಬೇಕಾದ್ದು ಅವರು

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮೂರು ವರ್ಷ ಬಾಡಿಗೆಗಿದ್ದ ಒಂದು ಬೆಡ್‌ರೂಮಿನ ಫ್ಲಾಟನ್ನ 2023ರಲ್ಲಿ ಖಾಲಿ ಮಾಡಿದ್ವಿ. ಡಿಪಾಸಿಟ್ ಕೊಟ್ಟಿದ್ದು 1,384 ಪೌಂಡ್. ಓನರ್ ಪರವಾಗಿ ಬಾಡಿಗೆ ವ್ಯವಹಾರ ನೋಡ್ಕೊಳ್ಳೋ ಲೆಟ್ಟಿಂಗ್ ಏಜೆನ್ಸಿಯವರ ಇಮೇಲ್ ತೆಗೆದು ನೋಡಿದ್ರೆ ವಾಪಸ್ ಕೊಡ್ತೀವಿ ಅಂದಿದ್ದು 114. ಉಳಿದ 1,270 ಎಲ್ಲಿಗೆ ಹೋಯ್ತಪ್ಪಾ ಅಂದ್ರೆ ಅದಕ್ಕೊಂದು ಪಟ್ಟಿ, ಪ್ರೊಫೆಷನಲ್ ಕ್ಲೀನಿಂಗ್ 280, ಬೆಡ್‌ರೂಮಿಗೆ ಹೊಸ ಕಾರ್ಪೆಟ್ 450, ಹಾಲ್ ಗೋಡೆಗೆ ಪೇಂಟು 300, ಬಾತ್‌ರೂಮಿನ ಮೋಲ್ಡ್ (ಬೂಷ್ಟು) ತೆಗೆಸೋಕೆ 150, ಉರೀದೇ ಇರೋ ಬಲ್ಬುಗಳಿಗೆ 12, ಕೊನೇಲಿ ಅಡುಗೆ ವಾಸನೆ ಹೋಗ್ಸೋಕೆ 78. "ನನ್ ಒಗ್ಗರಣೆಗೆ ಎಪ್ಪತ್ತೆಂಟು ಪೌಂಡಾ?" ಅಂತ ನಮ್ಮನೆಯವಳು ಆವತ್ತು ರಾತ್ರಿಯೆಲ್ಲಾ ಗೊಣಗಿದ್ಲು, ಮಿಕ್ಕ ಯಾವ ಐಟಂ ಮೇಲೂ ಅವಳಿಗೆ ಅಷ್ಟು ಸಿಟ್ಟು ಬರ್ಲಿಲ್ಲ.

ಫ್ರೆಂಡ್ಸ್ ಹತ್ರ ಹೇಳಿದ್ರೆ ಎಲ್ರದ್ದೂ ಹೆಚ್ಚೂಕಮ್ಮಿ ಒಂದೇ ಮಾತು, ಇವ್ರು ಹಿಂಗೇ ಕಣಯ್ಯಾ, ಸ್ವಲ್ಪ ಚೌಕಾಶಿ ಮಾಡಿ ಸಿಕ್ಕಿದ್ದು ತಗೊಂಡು ಬಿಟ್ಟಾಕು. ಇದಕ್ಕೆ ಕಾರಣಾನೂ ಇದೆ. ಬೆಂಗಳೂರಲ್ಲಿ ಬಾಡಿಗೆಗಿದ್ದು ಬಂದೋರಿಗೆ ಹತ್ತು ತಿಂಗಳ ಅಡ್ವಾನ್ಸು, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಳ್ಳೋದು, ಅದನ್ನ ಯಾರೂ ಪ್ರಶ್ನೆ ಮಾಡ್ದೇ ಇರೋದು ಎಲ್ಲಾ ಅಭ್ಯಾಸ ಆಗೋಗಿರತ್ತೆ. ಗೋಡೆಗೆ 300 ಅಂದ್ರೆ ಓ ಪೇಂಟಿಂಗ್ ಚಾರ್ಜು ಅಂತ ಮನಸ್ಸು ತಾನೇ ಒಪ್ಕೊಂಡ್‌ಬಿಡತ್ತೆ. ಇಂಗ್ಲೆಂಡಲ್ಲಿ ಆ ಲೆಕ್ಕ ಇಲ್ಲ. ಇಲ್ಲಿ ಡಿಪಾಸಿಟ್ ಕೊನೇ ತನಕ ಬಾಡಿಗೆದಾರನ ದುಡ್ಡು, ಅದರಲ್ಲಿ ಒಂದು ಪೌಂಡ್ ಮುರ್ಕೋಬೇಕು ಅಂದ್ರೂ ಯಾಕೆ ಅಂತ ಸಾಬೀತು ಮಾಡಬೇಕಾದ್ದು ಓನರ್ ಕಡೆಯವರು. ನಾವು ತಪ್ಪು ಮಾಡಿಲ್ಲ ಅಂತ ನಾವು ತೋರಿಸೋದಲ್ಲ. ಇದೊಂದು ತಲೆಗೆ ಹೋದ್ರೆ ಏಜೆನ್ಸಿ ಇಮೇಲ್ ಓದೋ ರೀತಿನೇ ಬದಲಾಗತ್ತೆ.

ಕಾನೂನು ಸ್ವಲ್ಪ ಹೇಳ್ಬಿಡ್ತೀನಿ. ಹೌಸಿಂಗ್ ಆಕ್ಟ್ 2004ರ ಪ್ರಕಾರ, 2007ರ ಏಪ್ರಿಲ್ 6ರಿಂದ ಇಂಗ್ಲೆಂಡಲ್ಲಿ ಸಾಮಾನ್ಯ ಮನೆ ಬಾಡಿಗೆ ಡಿಪಾಸಿಟ್ಟನ್ನ ಸರ್ಕಾರ ಒಪ್ಪಿದ ಸ್ಕೀಮ್‌ನಲ್ಲಿ ಇಡಲೇಬೇಕು. ಇರೋದು ಮೂರು, ಡಿಪಾಸಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡಿಪಾಸಿಟ್ಸ್, ಟೆನೆನ್ಸಿ ಡಿಪಾಸಿಟ್ ಸ್ಕೀಮ್. ಡಿಪಾಸಿಟ್ ಬಗ್ಗೆ ಜಗಳ ಬಂದ್ರೆ ತೀರ್ಪು ಕೊಡ್ಸೋದೂ ಈ ಸ್ಕೀಮುಗಳೇ. ದುಡ್ಡು ಸಿಕ್ಕಿ 30 ದಿನದೊಳಗೆ ಪ್ರೊಟೆಕ್ಟ್ ಮಾಡಬೇಕು, ಯಾವ ಸ್ಕೀಮು, ಎಷ್ಟು ದುಡ್ಡು, ಜಗಳ ಬಂದ್ರೆ ಏನು ಮಾಡಬೇಕು ಅನ್ನೋ ಮಾಹಿತೀನೂ ಅಷ್ಟರೊಳಗೆ ನಮಗೆ ಬರಹದಲ್ಲಿ ಕೊಡಬೇಕು. ಡಿಪಾಸಿಟ್ ಎಷ್ಟು ಅನ್ನೋದಕ್ಕೂ ಮಿತಿ ಇದೆ, ಟೆನೆಂಟ್ ಫೀಸ್ ಆಕ್ಟ್ 2019 ಬಂದ ಮೇಲೆ ಇಂಗ್ಲೆಂಡಲ್ಲಿ ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಮ್ಮಿ ಇದ್ರೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳೋಹಾಗಿಲ್ಲ. ನಮ್ಮದು ತಿಂಗಳಿಗೆ 1,200, ಹನ್ನೆರಡರಿಂದ ಗುಣಿಸಿ 52ರಿಂದ ಭಾಗಿಸಿ ಐದರಿಂದ ಗುಣಿಸಿದ್ರೆ ಆ 1,384 ಬರತ್ತೆ.

ಸ್ಕೀಮಲ್ಲೂ ಎರಡು ಥರ. ಕಸ್ಟೋಡಿಯಲ್ ಅಂದ್ರೆ ದುಡ್ಡು ಸ್ಕೀಮ್ ಹತ್ರಾನೇ ಇರತ್ತೆ. ಇನ್ಶೂರ್ಡ್ ಅಂದ್ರೆ ದುಡ್ಡು ಏಜೆನ್ಸಿ ಇಲ್ಲಾ ಓನರ್ ಹತ್ರ, ಅವ್ರು ಸ್ಕೀಮಿಗೆ ಫೀಸ್ ಕಟ್ಟಿರ್ತಾರೆ ಅಷ್ಟೇ. ನಮ್ಮದು ಇನ್ಶೂರ್ಡ್. ಜಗಳ ಆಡೋರ ಕೈಯಲ್ಲೇ ದುಡ್ಡು ಇರೋದ್ರಿಂದ ಅವರಿಗೆ ಅವಸರಾನೇ ಇರಲ್ಲ.

ಅವಸರ ಇಲ್ಲದೋರು ಏನೇನು ಮಾಡ್ತಾರೆ ಅನ್ನೋದೇ ಒಂದು ಪುರಾಣ. ಮೊದಲು ಉತ್ತರಾನೇ ಬರಲ್ಲ. ಆಮೇಲೆ ಲ್ಯಾಂಡ್‌ಲಾರ್ಡ್ ಫಾರಿನ್‌ಗೆ ಹೋಗಿದಾರೆ, ಅವರ ಒಪ್ಪಿಗೆ ಬರ್ಬೇಕು. ಆಮೇಲೆ ನಿಮ್ಮ ಕೇಸ್ ನೋಡ್ತಿದ್ದೋರು ಕೆಲಸ ಬಿಟ್ರು, ಹೊಸಬರಿಗೆ ಇನ್ನೊಂದ್ಸಲ ಎಲ್ಲಾ ಕಳ್ಸಿ. ನಾನು ಇಮೇಲ್ ಮಾಡಿದ್ರೆ ಅವ್ರು ಫೋನ್ ಮಾಡ್ತಾರೆ, ಯಾಕಂದ್ರೆ ಫೋನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರಲ್ಲ. ಅದಕ್ಕೆ ಪ್ರತೀ ಫೋನ್ ಆದ್ಮೇಲೂ ನಾನು ಒಂದು ನಾಕು ಸಾಲು ಇಮೇಲ್ ಹಾಕ್ತಿದ್ದೆ, ಈಗ ನೀವು ಫೋನಲ್ಲಿ ಹೀಗೀಗೆ ಹೇಳಿದ್ರಿ, ತಪ್ಪಿದ್ರೆ ತಿದ್ದಿ ಅಂತ. ಒಂದಕ್ಕೂ ತಿದ್ದುಪಡಿ ಬರ್ಲಿಲ್ಲ. ಕೊನೆಗೆ ಸಿಹಿ ಮಾತು, ಗುಡ್‌ವಿಲ್ ಆಗಿ 400 ಕೊಡ್ತೀವಿ, ಈ ವಾರದೊಳಗೆ ಒಪ್ಕೊಂಡ್ರೆ ಮಾತ್ರ, ಸ್ಕೀಮಿಗೆ ಹೋದ್ರೆ ತಿಂಗಳುಗಟ್ಟಲೆ ಆಗತ್ತೆ, ಎಲ್ಲಾನೂ ಕಳ್ಕೊಳೋ ಚಾನ್ಸ್ ಇದೆ. ನಮ್ಮ ದುಡ್ಡನ್ನೇ ನಮಗೆ ಗುಡ್‌ವಿಲ್ಲಲ್ಲಿ ಕೊಡ್ತಾರಂತೆ! ನನಗೆ ಅನ್ಸೋ ಪ್ರಕಾರ ಇವರ ಧೈರ್ಯ ಪೂರ್ತಿ ನಿಂತಿರೋದು ನಮ್ಮ ಸುಸ್ತಿನ ಮೇಲೆ. ಹೊಸ ಮನೆ, ಹೊಸ ಡಿಪಾಸಿಟ್, ಮಕ್ಕಳ ಸ್ಕೂಲು, ಕೆಲಸ, ಇದರ ಮಧ್ಯೆ 400 ಸಿಕ್ರೆ ಸಾಕು ಅನ್ಸೋ ದಿನ ಎಲ್ಲರಿಗೂ ಬರತ್ತೆ, ಆ ದಿನಕ್ಕೆ ಅವ್ರು ಕಾಯ್ತಿರ್ತಾರೆ.

ಓನರ್ ಹತ್ರಾನೇ ನೇರ ಮಾತಾಡೋಣ ಅಂತಾನೂ ನೋಡಿದೆ. ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್ 1985ರಲ್ಲಿ ಬಾಡಿಗೆದಾರ ಬರಹದಲ್ಲಿ ಕೇಳಿದ್ರೆ ಓನರ್ ಹೆಸರು, ವಿಳಾಸ 21 ದಿನದೊಳಗೆ ಕೊಡಬೇಕು ಅಂತ ಇದೆ, ಹಾಗಾಗಿ ಮನೆಯಲ್ಲಿದ್ದಾಗ್ಲೇ ಕೇಳಿ ಇಟ್ಕೊಂಡಿದ್ದೆ. ಕಾಗದ ಬರೆದೆ. ಏಜೆನ್ಸಿ ಹೇಳಿದ ಹಾಗೆ ಮಾಡಿ ಅಂತ ಒಂದೇ ಸಾಲಿನ ಉತ್ತರ ಬಂತು. ಸರಿ, ಆ ಬಾಗಿಲು ಮುಚ್ಚಿತು.

ಕೊನೆಗೆ ಸ್ಕೀಮಿಗೇ ಕಂಪ್ಲೇಂಟ್ ಹಾಕಿದೆ. ಇನ್ನು ಅದರಲ್ಲಿ ಪಟ್ಟಿಗೆ ಏನು ಉತ್ತರ ಬರೆದೆ ಅನ್ನೋ ವಿಷ್ಯಕ್ಕೆ ಬರೋಣ, ನಿಜವಾದ ಆಟ ಇರೋದೇ ಅಲ್ಲಿ.

ಕ್ಲೀನಿಂಗ್. ಮನೆ ಬಿಡುವಾಗ ಪ್ರೊಫೆಷನಲ್ ಕ್ಲೀನರ್ ಕೈಲಿ ಮಾಡ್ಸಿ ರಸೀದಿ ಕೊಡಿ ಅಂತ ಅಗ್ರಿಮೆಂಟಲ್ಲಿ ಬರ್ದಿರ್ತಾರೆ, ಆದ್ರೆ ಟೆನೆಂಟ್ ಫೀಸ್ ಆಕ್ಟ್ ಪ್ರಕಾರ ಹಾಗೆ ದುಡ್ಡು ಕೊಟ್ಟು ಮಾಡ್ಸಲೇಬೇಕು ಅಂತ ಕಡ್ಡಾಯ ಮಾಡೋಕಾಗಲ್ಲ. ಒಳಗೆ ಬಂದಾಗ ಎಷ್ಟು ಕ್ಲೀನ್ ಇತ್ತೋ ಅಷ್ಟು ಕ್ಲೀನ್ ಮಾಡಿ ಕೊಟ್ರೆ ಮುಗೀತು, ಅದನ್ನ ನಾವೇ ಸೋಪು ನೀರು ಹಾಕಿ ಉಜ್ಜಿದ್ರೂ ಸರಿ. ನಮ್ಮ ಚೆಕ್‌ಇನ್ ಇನ್ವೆಂಟರೀಲಿ, ಅಂದ್ರೆ ಒಳಗೆ ಬಂದ ದಿನ ಮನೆ ಹೇಗಿತ್ತು ಅಂತ ಬರೆದಿಟ್ಟ ಪಟ್ಟೀಲಿ, ಅಡುಗೆಮನೆ ಮುಂದೆ ಅವರೇ ಬರ್ದಿದ್ರು, ಮನೆಬಳಕೆ ಮಟ್ಟಕ್ಕೆ ಕ್ಲೀನ್ ಮಾಡಿದೆ, ಓವನ್ ಒಳಗೆ ಜಿಡ್ಡಿದೆ ಅಂತ. ಅದೇ ಸಾಲನ್ನ ಹೈಲೈಟ್ ಮಾಡಿ ಹಾಕಿದೆ, ಪಕ್ಕದಲ್ಲಿ ನಾವು ಬಿಡೋ ದಿನದ ಫೋಟೋ.

ಪೇಂಟು. ಸೋಫಾ ಹಿಂದೆ ಗೋಡೆ ಉಜ್ಜಿ ಮಾಸಿತ್ತು. ಮೂರು ವರ್ಷ ಮನುಷ್ಯರು ಬದುಕಿದ ಮನೆ ಕಣ್ರೀ, ಮಾಸದೇ ಇನ್ನೇನಾಗತ್ತೆ. ಇದಕ್ಕೆ ಇಲ್ಲಿ ಫೇರ್ ವೇರ್ ಅಂಡ್ ಟೇರ್ ಅಂತಾರೆ, ಸರಿಯಾಗಿ ಬಳಸಿದ್ರೂ ಕಾಲ ಕಳೆದ ಹಾಗೆ ಆಗೋ ಸವೆತ, ಅದಕ್ಕೆ ಡಿಪಾಸಿಟ್ ಮುಟ್ಟೋಹಾಗಿಲ್ಲ. ಗೋಡೇಲಿ ತೂತು ಕೊರೆದು ಟಿವಿ ನೇತು ಹಾಕಿ ಹಾಗೇ ಬಿಟ್ಟು ಹೋಗಿದ್ರೆ ಬೇರೆ ಮಾತು.

ಕಾರ್ಪೆಟ್ ಸ್ವಲ್ಪ ಕಷ್ಟದ್ದು, ಯಾಕಂದ್ರೆ ಕಿಟಕಿ ಹತ್ರ ಇಸ್ತ್ರಿ ಪೆಟ್ಟಿಗೆ ಸುಟ್ಟ ಗುರುತು ಇದ್ದಿದ್ದು ನಿಜ, ಅದು ಸವೆತ ಅಲ್ಲ, ಡ್ಯಾಮೇಜೇ. ಚೆಕ್‌ಔಟ್ ದಿನ ನಾನೇ ಅದನ್ನ ತೋರಿಸಿದ್ದೆ. ಆದ್ರೆ ಡ್ಯಾಮೇಜ್ ಆಯ್ತು ಅಂದ ಮಾತ್ರಕ್ಕೆ ಹೊಸ ಕಾರ್ಪೆಟ್ ಪೂರ್ತಿ ದುಡ್ಡು ನಾವು ಕೊಡಬೇಕಾಗಿಲ್ಲ, ಇದು ತುಂಬಾ ಜನಕ್ಕೆ ಗೊತ್ತಿರಲ್ಲ. ಹಳೇದು ಕೊಟ್ಟು ನಮ್ಮ ಖರ್ಚಲ್ಲಿ ಹೊಸದು ಪಡೆಯೋ ಹಕ್ಕು ಓನರಿಗಿಲ್ಲ. ಲೆಕ್ಕ ಸುಲಭ, ಹೊಸದರ ಬೆಲೆ 450, ಅಂಥ ಕಾರ್ಪೆಟ್ ಹತ್ತು ವರ್ಷ ಬಾಳತ್ತೆ ಅಂತ ಇಟ್ಕೊಂಡ್ರೆ ವರ್ಷಕ್ಕೆ 45. ಕಾರ್ಪೆಟ್ ಹಾಕಿದ್ದು 2016ರಲ್ಲಿ ಅಂತ ಅವರದ್ದೇ ಇನ್ವೆಂಟರೀಲಿ ಇತ್ತು, ಅಂದ್ರೆ ಏಳು ವರ್ಷ ಆಗ್ಲೇ ಬಳಕೆಯಾಗಿದೆ, ಉಳಿದಿದ್ದು ಮೂರು ವರ್ಷ, 135 ಪೌಂಡ್. ನಾವು ಬರೋ ಮುಂಚೇನೇ ಅದರ ಮೇಲೆ ಕಲೆಗಳಿದ್ವು ಅಂತಾನೂ ಬರ್ದಿತ್ತು. ಹಾಗಾಗಿ ಹೆಚ್ಚಂದ್ರೆ 135, ಅದಕ್ಕಿಂತ ಒಂದು ಪೆನ್ನೀನೂ ಇಲ್ಲ ಅಂತ ಬರೆದೆ. ಬಲ್ಬಿನ 12 ಒಪ್ಕೊಂಡೆ, ಒಪ್ಕೋಬೇಕಾದ್ದನ್ನ ಒಪ್ಕೊಂಡ್ರೆ ತೀರ್ಪು ಕೊಡೋರಿಗೆ ನಮ್ಮ ಉಳಿದ ಮಾತಿನ ಮೇಲೂ ನಂಬಿಕೆ ಬರತ್ತೆ.

ಮೋಲ್ಡ್ ಬಗ್ಗೆ ನನ್ನ ಹತ್ರ ಬಲವಾದ ಅಸ್ತ್ರ ಇತ್ತು. ಬಾತ್‌ರೂಮಿಗೆ ಕಿಟಕಿ ಇಲ್ಲ, ಗಾಳಿ ಎಳೆಯೋ ಫ್ಯಾನ್ ಕೆಟ್ಟಿದೆ ಅಂತ ಚಳಿಗಾಲದಲ್ಲೇ ಏಜೆನ್ಸಿಗೆ ಫೋಟೋ ಸಮೇತ ಇಮೇಲ್ ಹಾಕಿದ್ದೆ, ನೋಡ್ತೀವಿ ಅಂತ ಉತ್ತರಾನೂ ಬಂದಿತ್ತು, ಯಾರೂ ಬಂದು ನೋಡ್ಲಿಲ್ಲ. ನೋಡ್ತೀವಿ ಅಂದ ಆ ಇಮೇಲೇ 150 ಪೌಂಡ್ ಉಳಿಸ್ತು.

ವಾಸನೆಗೆ ಏನಂತ ವಾದ ಮಾಡೋದು. ಚೆಕ್‌ಔಟ್ ರಿಪೋರ್ಟ್ ಬರೆದಿದ್ದು ಏಜೆನ್ಸಿಯವರದ್ದೇ ಹುಡುಗ, ವಾಸನೆ ಬರ್ತಿದೆ ಅಂತ ಬರ್ದಿದಾನೆ, ಯಾವ ವಾಸನೆ, ಎಲ್ಲಿ, ಎಷ್ಟು, ತೆಗ್ಸೋಕೆ ಯಾರು ಬಂದ್ರು, ರಸೀದಿ ಎಲ್ಲಿ, ಏನೂ ಇಲ್ಲ. ನಾನು ಇದೇ ಪ್ರಶ್ನೆಗಳನ್ನ ಬರೆದು ಬಿಟ್ಟೆ. ಸಿಟ್ಟಲ್ಲಿ ಒಂದು ಉದ್ದನೆ ಪ್ಯಾರಾ ಬರೆದಿದ್ದನ್ನ ಹೆಂಡತಿ ಅಳಿಸಿ ಹಾಕ್ಸಿದ್ಲು, ಒಳ್ಳೇದೇ ಮಾಡಿದ್ಲು.

ಸ್ಕೀಮಿಗೆ ಹೋಗೋದು ನಮಗೂ ಫ್ರೀ, ಓನರಿಗೂ ಫ್ರೀ. ಲಾಯರ್ ಬೇಡ, ಹಿಯರಿಂಗ್ ಇಲ್ಲ, ಯಾರೂ ಮನೆ ನೋಡೋಕೆ ಬರಲ್ಲ, ಎರಡೂ ಕಡೆಯವರು ಆನ್‌ಲೈನಲ್ಲಿ ಹಾಕಿದ ಕಾಗದ ಪತ್ರ ನೋಡಿ ಅಡ್ಜುಡಿಕೇಟರ್ ತೀರ್ಪು ಬರೀತಾರೆ ಅಷ್ಟೇ. ಹಾಗಾಗಿ ಹಾಕದೇ ಇರೋ ಸಾಕ್ಷಿ ಇಲ್ಲದ ಹಾಗೇ ಲೆಕ್ಕ. ಇನ್ನೂರು ಫೋಟೋ ಒಟ್ಟಿಗೆ ಸುರೀಬೇಡಿ, ಒಂದೊಂದು ಐಟಮ್ಮಿಗೆ ಒಂದು ಹಳೇ ಫೋಟೋ, ಒಂದು ಹೊಸ ಫೋಟೋ, ಇನ್ವೆಂಟರಿಯ ಆ ಸಾಲು, ಮೇಲೆ ಎರಡು ವಾಕ್ಯ ವಿವರಣೆ. ಇನ್ಶೂರ್ಡ್ ಆದ್ರೆ ಬಾಡಿಗೆ ಮುಗಿದ ಮೂರು ತಿಂಗಳೊಳಗೆ ಕಂಪ್ಲೇಂಟ್ ಹಾಕ್ಬೇಕು, ಏಜೆನ್ಸಿ ಎಳೆದಾಡ್ಸೋದು ಸುಮ್ನೆ ಅಲ್ಲ ಅನ್ನೋದು ಇಲ್ಲಿ ಅರ್ಥ ಆಗತ್ತೆ. ಕಂಪ್ಲೇಂಟ್ ಆದ್ಮೇಲೆ ಜಗಳದಲ್ಲಿರೋ ದುಡ್ಡನ್ನ ಏಜೆನ್ಸಿ ಸ್ಕೀಮಿಗೆ ಕಳಿಸ್ಬೇಕು, ಜಗಳ ಇಲ್ಲದ ದುಡ್ಡನ್ನ ನಮಗೆ ಕೊಡಬೇಕು. ನಮ್ಮ 114 ಆವಾಗಲೇ ಅಕೌಂಟಿಗೆ ಬಂತು, ಅಲ್ಲಿವರೆಗೂ ಅದನ್ನೂ ಹಿಡ್ಕೊಂಡಿದ್ರು!

ತೀರ್ಪಲ್ಲಿ ಕ್ಲೀನಿಂಗ್ ಸೊನ್ನೆ, ಪೇಂಟ್ ಸೊನ್ನೆ, ಮೋಲ್ಡ್ ಸೊನ್ನೆ, ವಾಸನೆ ಸೊನ್ನೆ. ಕಾರ್ಪೆಟ್ಟಿಗೆ ಹಳೇ ಕಲೆಗಳನ್ನ ಲೆಕ್ಕಕ್ಕೆ ತಗೊಂಡು 100, ಬಲ್ಬಿಗೆ 12. ಒಟ್ಟು ನಮಗೆ ವಾಪಸ್ ಬಂದಿದ್ದು 1,272 ಪೌಂಡ್. ತೀರ್ಪೇ ಕೊನೆ, ಸ್ಕೀಮಲ್ಲಿ ಅಪೀಲ್ ಇಲ್ಲ, ಅದು ನಮಗೂ ಅವರಿಗೂ ಒಂದೇ. ಏಜೆನ್ಸಿ ನಡ್ಕೊಂಡ ರೀತಿ ಬಗ್ಗೆ ಬೇರೇನೇ ದೂರು ಕೊಡೋಕೂ ದಾರಿ ಇದೆ, 2014ರಿಂದ ಇಂಗ್ಲೆಂಡಿನ ಲೆಟ್ಟಿಂಗ್ ಏಜೆನ್ಸಿಗಳೆಲ್ಲಾ ಯಾವುದಾದ್ರೂ ಒಂದು ರೆಡ್ರೆಸ್ ಸ್ಕೀಮಿಗೆ (ಏಜೆನ್ಸಿ ಮೇಲಿನ ದೂರು ವಿಚಾರಿಸೋ ಸಂಸ್ಥೆಗೆ) ಸೇರಿರಲೇಬೇಕು, ಮೊದಲು ಏಜೆನ್ಸಿಗೇ ಲಿಖಿತ ದೂರು ಕೊಟ್ಟು ಎಂಟು ವಾರ ಕಾಯ್ಬೇಕು. ನಾನು ಅದಕ್ಕೆ ಹೋಗ್ಲಿಲ್ಲ, ದುಡ್ಡು ಬಂದ್ಮೇಲೆ ಅವರ ಹೆಸರು ನೋಡೋಕೂ ಮನಸ್ಸಿರ್ಲಿಲ್ಲ.

ಒಂದು ವಿಷ್ಯ ಬಿಟ್ಟೋಗಿತ್ತು. ನಿಮ್ಮ ಡಿಪಾಸಿಟ್ ಯಾವ ಸ್ಕೀಮಲ್ಲೂ ಇಲ್ಲದೇ ಇದ್ರೆ ದಾರಿ ಬೇರೆ. ಮೂರೂ ಸ್ಕೀಮಿನ ವೆಬ್‌ಸೈಟಲ್ಲಿ ಪೋಸ್ಟ್‌ಕೋಡ್, ಸರ್‌ನೇಮ್, ಬಾಡಿಗೆ ಶುರುವಾದ ತಾರೀಖು ಹಾಕಿ ಹುಡುಕಬಹುದು. ಎಲ್ಲೂ ಸಿಗ್ಲಿಲ್ಲ ಅಥವಾ 30 ದಿನ ದಾಟಿದ ಮೇಲೆ ಪ್ರೊಟೆಕ್ಟ್ ಮಾಡಿದಾರೆ ಅಂದ್ರೆ ಸಿವಿಲ್ ಕೇಸು ನೋಡೋ ಕೌಂಟಿ ಕೋರ್ಟಿಗೆ ಹೋಗಬಹುದು, ಡಿಪಾಸಿಟ್ಟಿನ ಒಂದರಿಂದ ಮೂರು ಪಟ್ಟು ತನಕ ಪರಿಹಾರ ಕೊಡ್ಸೋ ಅಧಿಕಾರ ಕೋರ್ಟಿಗಿದೆ, ಮನೆ ಬಿಟ್ಟು ಬಂದ್ಮೇಲೂ ಕೇಳಬಹುದು. ಕೋರ್ಟಿಗೆ ಮುಂಚೆ ಇಷ್ಟು ದಿನದೊಳಗೆ ಕೊಡದಿದ್ರೆ ಕೇಸ್ ಹಾಕ್ತೀನಿ ಅಂತ ಒಂದು ನೋಟಿಸ್ ಥರ ಪತ್ರ ಬರೀಬೇಕು, ತುಂಬಾ ಕಡೆ ಆ ಪತ್ರ ತಲುಪಿದ ತಕ್ಷಣ ಫಾರಿನ್‌ಗೆ ಹೋಗಿದ್ದ ಲ್ಯಾಂಡ್‌ಲಾರ್ಡ್ ವಾಪಸ್ ಬಂದ್‌ಬಿಡ್ತಾರೆ. ಸ್ಕಾಟ್ಲೆಂಡಲ್ಲಿರೋರಿಗೆ ನಿಯಮ ಬೇರೆ, ಅಲ್ಲಿ 30 ವರ್ಕಿಂಗ್ ಡೇಸ್, ಡಿಪಾಸಿಟ್ ಎರಡು ತಿಂಗಳ ಬಾಡಿಗೆವರೆಗೂ ಕೇಳಬಹುದು, ಜಗಳ ಹೋಗೋದು ಕೌಂಟಿ ಕೋರ್ಟಿಗಲ್ಲ, ಟ್ರಿಬ್ಯುನಲ್ಲಿಗೆ.