ಬೇಡಪ್ಪ ಎಂದರು ಹಿರಿಯರು

ಇವತ್ತು ಬೆಳಿಗ್ಗೆ ಕುಂದುವಾಡ ಕೆರೆ ಏರಿಯ ಮೇಲೆ ಜೊತೆಗೆ ನಡೆಯುವ ಹಿರಿಯರೊಬ್ಬರನ್ನು ಕೇಳಿದೆ: "ಮುಪ್ಪು ತಡೆಯುವ ಔಷಧ ಬಂದರೆ ತೆಗೆದುಕೊಳ್ಳುತ್ತೀರಾ?" ಎಂಬತ್ತು ದಾಟಿದ ಅವರು ತಟ್ಟನೆ ಹೇಳಿದರು, "ಬೇಡಪ್ಪ. ಕೈಕಾಲು ಗಟ್ಟಿಯಿರುವಾಗಲೇ ಹೋಗಿಬಿಡಬೇಕು."

2013ರಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಅಲ್ಲಿನ ವಯಸ್ಕರನ್ನು ಇಂಥದ್ದೇ ಪ್ರಶ್ನೆ ಕೇಳಿತ್ತು. ಚಿಕಿತ್ಸೆಯ ನೆರವಿನಿಂದ 120 ವರ್ಷ ಬದುಕುವುದು ತಮಗೆ ಬೇಡವೆಂದವರು ಶೇ 56. ಆದರೆ ಬೇರೆಯವರಲ್ಲಿ ಹೆಚ್ಚಿನವರಿಗೆ ಅದು ಬೇಕಾಗಿರುತ್ತದೆ ಎಂದವರು ಶೇ 68! ಇದು ನನ್ನನ್ನು ಬಹಳ ಕಾಡಿದೆ.

ನನ್ನ ಅಜ್ಜಿ ಕೊನೆಯ ಆರು ವರ್ಷ ಹಾಸಿಗೆಯಲ್ಲೇ ಕಳೆದಳು. ದೀರ್ಘಾಯುಷ್ಯ ಎಂದರೆ ನಮ್ಮ ಮನೆಯಲ್ಲಿ ಎಲ್ಲರ ಕಣ್ಣಿಗೂ ಆ ಮಂಚವೇ ಬರುತ್ತದೆ. ಆದರೆ ವಿಜ್ಞಾನಿಗಳು ಹುಡುಕುತ್ತಿರುವುದು ಮಂಚದ ಮೇಲಿನ ವರ್ಷಗಳನ್ನಲ್ಲ, ಮುಪ್ಪನ್ನೇ ಮುಂದೂಡುವ ದಾರಿಯನ್ನು. 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವಯಸ್ಸಾದ ಮೇಲೆ ರಾಪಾಮೈಸಿನ್ ಎಂಬ ಔಷಧ ಕೊಟ್ಟರೂ ಇಲಿಗಳ ಆಯುಷ್ಯ ಹೆಚ್ಚಿತು. ಇಲಿಯಿಂದ ಮನುಷ್ಯನವರೆಗಿನ ದಾರಿ ದೂರವಿದೆ, ನಿಜ. ಆದರೂ ಬೇಡವೆನ್ನುವ ಮೊದಲು ಏನು ಬೇಡವೆನ್ನುತ್ತಿದ್ದೇವೆ ಎಂಬುದು ಗೊತ್ತಿರಬೇಕಲ್ಲವೇ?

ನಾಳೆ ಆ ಹಿರಿಯರನ್ನು ಬೇರೆ ರೀತಿ ಕೇಳುತ್ತೇನೆ: "ಇದೇ ಗಟ್ಟಿ ಕಾಲುಗಳಲ್ಲಿ ಇನ್ನೂ ಮೂವತ್ತು ವರ್ಷ ಈ ಏರಿಯ ಮೇಲೆ ನಡೆಯಬಹುದಾದರೆ?"